ಬಾಗಿಲು ತೆಗೆಯುವ ಗುಂಡಿ

ಹೊಸ ಮೊಬೈಲ್ ಆಟಗಳನ್ನು ಜನರ ಕೈಗೆ ಕೊಟ್ಟು, ಅವರು ಎಲ್ಲಿ ಹೆದರುತ್ತಾರೆಂದು ಬರೆದುಕೊಳ್ಳುವ ಘನಂದಾರಿ ಕೆಲಸ ನನ್ನದು. ಆ ಸಲದ ಆಟದಲ್ಲಿ ಪರದೆ ತುಂಬ ಒಂದು ಮುಚ್ಚಿದ ಬಾಗಿಲು. ಅದನ್ನು ಒತ್ತಿದಷ್ಟೂ ಅಂಕ ಬರುತ್ತದೆ; ಒತ್ತಿದಾಗಲೆಲ್ಲ ಒಳಗಿನಿಂದ ಯಾರೋ "ಸಾಕ್ರಿ, ಬಿಡ್ರಿ" ಎಂದು ನರಳುತ್ತಾರೆ. ನಿಲ್ಲಿಸುವುದು ಬಿಡುವುದು ಆಡುವವರ ಮನಸ್ಸಾಕ್ಷಿಗೆ ಬಿಟ್ಟದ್ದು.

ಆಳಂದ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ನರೋಣಾ ಬಸ್ಸಿಗೆ ಕಾಯುತ್ತಿದ್ದ ಬಳೆ ಮಾರುವ ಚಾಚಿಯೊಬ್ಬರಿಗೆ ಮೊಬೈಲ್ ಕೊಟ್ಟೆ. ಎರಡು ಸಲ ಒತ್ತಿದವರೇ ಬೆರಳು ತೆಗೆದುಬಿಟ್ಟರು.

"ಒಳಗ ಯಾರೋ ಅಳಾಕತ್ತಾರಲ್ರೀ. ಬಾಗಲಾ ತೆಗಿಯೋ ಗುಂಡಿ ಎಲ್ಲಿ ಅದ?"

"ಅದನ್ನ ಇಟ್ಟಿಲ್ರಿ ಚಾಚಿ. ಬರೇ ಒತ್ತೋದು."

"ಬಳಿ ತೊಡಸಾಗ ಹುಡುಗಿ ಮುಖ ಕಿವುಚಿದ್ಲಂದ್ರ ನಾ ಅಲ್ಲೇ ಕೈ ಬಿಡ್ತೇನಿ. ದೊಡ್ಡ ಅಳತಿದು ಹುಡುಕ್ತೇನಿ."

"ಇವು ಖರೇ ಮನಷ್ಯಾರಲ್ರಿ, ಒತ್ತ್ರಿ."

ಅಷ್ಟರಲ್ಲಿ ಬಸ್ ಬಂತು. ಚಾಚಿ ಎದ್ದರು. ಅರ್ಧಕ್ಕೇ ಬಿಟ್ಟ ಆಟ ನಮ್ಮ ಕಂಪನಿಯ ಲೆಕ್ಕಕ್ಕೆ ಬರುವುದಿಲ್ಲ. ನಾನು ಅವರ ಬುಟ್ಟಿ ಗಟ್ಟಿಯಾಗಿ ಹಿಡಿದುಕೊಂಡೆ.

"ಇನ್ನೊಂದ ಹತ್ತು ಸಲ ಒತ್ತಿ ಹೋಗ್ರಿ ಚಾಚಿ."

ಬುಟ್ಟಿಯೊಳಗೆ ಗಾಜಿನ ಬಳೆಗಳು ಕಿಣಿಕಿಣಿ ಅಂದವು. ಚಾಚಿ ನನ್ನ ಮುಖವನ್ನೇ ನೋಡಿದರು.

"ಸಾಕ್ರಿ, ಬಿಡ್ರಿ. ಆ ಆಟಕ್ಕಿಂತ ನಿಮ್ಮದ ಅಂಜಿಕಿ ಬರಾಕತ್ತದ."

ನಾನು ಬಿಡುವಷ್ಟರಲ್ಲಿ ಬಸ್ ಹೊರಟುಹೋಗಿತ್ತು.

ವರದಿಯಲ್ಲಿ ಕೊನೆಗೊಂದು ಪ್ರಶ್ನೆ ಇತ್ತು: ಆಡಿದವರನ್ನು ಹೆಚ್ಚು ಹೆದರಿಸಿದ್ದು ಯಾವುದು? ಕೊಟ್ಟಿದ್ದ ಉತ್ತರಗಳಲ್ಲಿ ನಾನಿರಲಿಲ್ಲ. ಹಾಗಾಗಿ 'ಹಿನ್ನೆಲೆ ಸಂಗೀತ' ಎಂಬುದನ್ನು ಒತ್ತಿದೆ.