ಯಮನಪ್ಪ ಒಗೆದ ಕೊಕ್ಕೆ

ಕ್ವಿಂಟಲ್ ಚೀಲ ಹೊರುವವನ ಬೆನ್ನು ನಲವತ್ತೈದು ವರ್ಷ ದಾಟುವುದಿಲ್ಲ. ದಿನಾ ರೊಟ್ಟಿ ಮುರಿಯುವ ನಿಮಗೆ ಇದು ಗೊತ್ತಿರಬೇಕಿತ್ತು.

ಯರಗಟ್ಟಿ ಪೇಟೆಯ ಹಮಾಲ ಯಮನಪ್ಪನಿಗೆ ಗೊತ್ತಿತ್ತು. ತೊಂಬತ್ತೇಳರಲ್ಲಿ ಊರ ಹೊರಗಿನ ಟೆಂಟ್ ಟಾಕೀಸಿಗೆ ಹಮಾಲನೇ ಹೀರೋ ಆದ ಸಿನಿಮಾ ಬಂತು. ಚೀಲ ಎಳೆಯುವ ಕೊಕ್ಕೆಯನ್ನು ಹೀರೋ ಸಾವಕಾರನ ಮುಂದೆ ಒಗೆಯುತ್ತಾನೆ. ಹಿಂದೆಯೇ ನೂರು ಕೊಕ್ಕೆ ಬೀಳುತ್ತವೆ. ಟೆಂಟ್ ಹರಿಯುವಷ್ಟು ಸೀಟಿ. ಯಮನಪ್ಪ ಅದನ್ನು ಹನ್ನೊಂದು ಸಲ ನೋಡಿದ.

ಪೇಟೆಯಲ್ಲೂ ಅದೇ ರಿವಾಜು. ಕೊಕ್ಕೆ ಒಗೆದರೆ ಕೆಲಸ ಬಿಟ್ಟಂತೆ. ಒಗೆದವನು ತಾನೇ ಎತ್ತುವಂತಿಲ್ಲ. ಬೇರೆ ಯಾರಾದರೂ ಎತ್ತಿ ಕೈಗೆ ಕೊಟ್ಟರಷ್ಟೇ ಮತ್ತೆ ಕೆಲಸ.

ಆ ಸುಗ್ಗಿಯಲ್ಲಿ ಜೊತೆಯ ಹಣಮಂತಪ್ಪನ ಬೆನ್ನು ಹಿಡಿಯಿತು. ಯಮನಪ್ಪ, ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿಯ ಸಾವಕಾರ ನಿಜಗುಣಪ್ಪನ ಮುಂದೆ ನಿಂತ.

"ಸಾವಕಾರ್ರ, ಅಂವಗ ಎಂಟ್ ದಿನಾ ಸಣ್ಣ ಚೀಲ ಕೊಡ್ರಿ. ನೆಟ್ಟಗ ನಿಲ್ಲಾಕ ಆಗವಲ್ದು."

"ಏನಲೇ ಯಮನ್ಯಾ, ಟಾಕೀಸ್ ಇನ್ನೂ ಬಿಟ್ಟಿಲ್ಲೇನು? ಹೊರಾಕ ಆಗದಿದ್ರ ಮನ್ಯಾಗ ಮಕ್ಕೊಳ್ಳಂತ ಹೇಳು."

ಯಮನಪ್ಪ ಕೊಕ್ಕೆ ಒಗೆದ. ಕಲ್ಲಿನ ಮೇಲೆ ಠಣ್ ಎಂದಿತು.

ಸೀಟಿ ಬಿತ್ತು! ಚಪ್ಪಾಳೆ ಬಿತ್ತು! ಕೊಕ್ಕೆ ಮಾತ್ರ ಬೀಳಲಿಲ್ಲ. ತಿರುಗಿ ನೋಡಿದರೆ ಎಲ್ಲ ಹಮಾಲರ ಕೊಕ್ಕೆ ಅವರವರ ಹೆಗಲ ಮೇಲೇ ಇತ್ತು.

"ಏನ್ ಒಗದ್ಯೋ ಮಾರಾಯಾ, ಥೇಟ್ ಹೀರೋನ!" ಎಂದ ಜೊತೆಯ ಹಮಾಲ ಮಲಕಾಜಪ್ಪ.

"ಎತ್ತಿ ಕೊಡಪಾ, ಮಲಕಾಜಪ್ಪ."

ಮಲಕಾಜಪ್ಪ ನಿಜಗುಣಪ್ಪನ ಮುಖ ನೋಡಿದ. "ನಾಳಿ ನೋಡೂಣಂತ" ಎಂದು ಚೀಲದಡಿ ಬಗ್ಗಿದ. ಅವನ ಹಿಂದೆ ಸಾಲಿನಲ್ಲಿ, ಸೊಂಟಕ್ಕೆ ಕೈಕೊಟ್ಟು, ಹಣಮಂತಪ್ಪನೂ ನಿಂತಿದ್ದ. ತಲೆ ಎತ್ತಲಿಲ್ಲ.

ಮೂರು ದಿನ ಯಮನಪ್ಪ ಪೇಟೆಯ ಬಾಗಿಲಲ್ಲಿ ಕುಳಿತ. ಯಾರೂ ಎತ್ತಿ ಕೊಡಲಿಲ್ಲ. ಕಸ ಗುಡಿಸುವಾಗ ಯಾರೋ ಅದನ್ನು ಅಂಗಡಿಯ ಕಿಟಕಿಯಲ್ಲಿಟ್ಟರು. ಮರುವರ್ಷ ಹಣಮಂತಪ್ಪ ಚೀಲದ ಸಮೇತ ಲಾರಿಗೆ ಹತ್ತುವ ಹಲಗೆಯಿಂದ ಬಿದ್ದ, ಮತ್ತೆ ಏಳಲಿಲ್ಲ.

ಯಮನಪ್ಪ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾದ ಕಪ್ಪು ತೊಳೆಯಲು ನಿಂತ. ಈಗ ಎಂಟು ವರ್ಷ. ಹೋದ ರವಿವಾರ ಅಲ್ಲಿನ ಟೀವಿಯಲ್ಲಿ ಅದೇ ಸಿನಿಮಾ ಬಂತು. ಅದೇ ಹಮಾಲರು, ಅದೇ ಸೀಟಿ.

"ಯಮನಪ್ಪಾ, ನಿನ್ನ ಸೀನ್ ಬಂತು, ಬಾರೋ!" ಎಂದು ಟೀವಿ ಮುಂದಿನ ಗಿರಾಕಿಯೊಬ್ಬ ಕೂಗಿದ.

ಅವನು ನಳ ಇನ್ನಷ್ಟು ಜೋರಾಗಿ ಬಿಟ್ಟ.

ಆ ದೃಶ್ಯ ನಿಮಗೂ ಇಷ್ಟವೆಂದು ಗೊತ್ತು. ಕೊಕ್ಕೆ ತುಕ್ಕು ಹಿಡಿದು ಅದೇ ಕಿಟಕಿಯಲ್ಲಿದೆ. ಸೀಟಿ ಸಾಕು. ಬಾಯಿಂದ ಬೆರಳು ತೆಗೆಯಿರಿ. ಆ ಕೊಕ್ಕೆ ಎತ್ತಿ ಅವನ ಕೈಗೆ ಕೊಡಿ.