ಗಣಿಯ ನೀರಿನಿಂದ ಹತ್ತಿ ಬಂದ ಸದ್ದು

ಸೂಗಪ್ಪ ದೇವದುರ್ಗದ ಕಡೆಯವನು, ಕೃಷ್ಣೆಯಲ್ಲಿ ಈಜಿ ಬೆಳೆದವನು. ಅಣೆಕಟ್ಟಿನ ಗೇಟುಗಳಿಗೆ ಸಿಕ್ಕಿಕೊಂಡ ಕಸ ಬಿಡಿಸುವ ಗುತ್ತಿಗೆದಾರ ಆನಂದಕುಮಾರನ ಕೈಕೆಳಗೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿತಿದ್ದ. ಹೈದರಾಬಾದಿನ ಗಚ್ಚಿಬೌಲಿಯ ಆಚೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಒಂದು ಸಾಫ್ಟ್‌ವೇರ್ ಕಂಪನಿಯ ಜಾಗದ ನಡುವೆ ಹಳೆಯ ಕಲ್ಲುಗಣಿಯೊಂದು ನೀರು ತುಂಬಿ ನಿಂತಿತ್ತು. ನೀರೆತ್ತುವ ಪಂಪಿನ ಪೈಪು ತಳದಲ್ಲೆಲ್ಲೋ ಸಿಕ್ಕಿಕೊಂಡಿತ್ತು. ಆನಂದಕುಮಾರ ಸೂಗಪ್ಪನನ್ನು ಅಲ್ಲಿಗೆ ಕರೆಸಿಕೊಂಡ.

ಅಂದು ಸೂಗಪ್ಪನಿಗೆ ನೆಗಡಿ. ಕೆಳಗಿಳಿಯುತ್ತ ಮೂಗು ಹಿಡಿದು ಉಸಿರು ದಬ್ಬಿದರೂ ನೀರಿನ ಒತ್ತಡಕ್ಕೆ ಕಟ್ಟಿದ ಬಲಗಿವಿ ಬಿಡಲಿಲ್ಲ. ಇನ್ನೂ ಜೋರಾಗಿ ದಬ್ಬಿದ. ಕಿವಿಯೊಳಗೆ ಏನೋ ಪಟ್ಟೆಂದಿತು, ತಲೆ ಗಿರ್ರನೆ ತಿರುಗಿತು. ಆಮೇಲೆ ಆ ಕಪ್ಪು ನೀರಿನಲ್ಲಿ ಸಣ್ಣಗೆ ಕೇಳಿಸತೊಡಗಿತು, ಕಬ್ಬಿಣಕ್ಕೆ ಕಬ್ಬಿಣ ತಾಗಿಸಿ ಎಳೆದಂತೆ ಒಂದೇ ಸಮನೆ ಕೊರೆಯುವ ಸದ್ದು. ಪೈಪು ಬಿಡಿಸಿ ಮೇಲೆ ಬಂದ. ಸದ್ದೂ ಬಂತು.

ದಡದಲ್ಲಿ ಜಲ್ಲಿ ಒಡೆಯುತ್ತಿದ್ದ ಮುದುಕಿ ಅಂಬುಬಾಯಿ ಅವನ ಮುಖ ನೋಡಿ ಸುತ್ತಿಗೆ ಕೆಳಗಿಟ್ಟಳು.

"ನಿನಗೂ ಕೇಳಸಾಕತ್ತೈತೇನಪ್ಪ?"

ಸೂಗಪ್ಪ ಯಾರಿಗೂ ಹೇಳಿರಲಿಲ್ಲ. "ಏನಬೇ?"

"ಉಳಿ ಸದ್ದು. ನನ್ನ ಗಂಡ ಇದೇ ಗುಂಡ್ಯಾಗ ಬಂಡೆ ಬಿದ್ದು ಸತ್ತ. ಆವತ್ತಿಂದ ನನಗ ಬಿಟ್ಟಿಲ್ಲ."

ಸೂಗಪ್ಪ ತಿರುಗಿ ನೀರಿನ ಕಡೆ ನೋಡಿದ.

ಆ ಸಂಜೆ, ಊರಿಂದ ಜೊತೆಗೆ ಬಂದಿದ್ದ ಹೆಂಡತಿ ಬಸಲಿಂಗಮ್ಮ ಅವನ ಕಿವಿಗೆ ತನ್ನ ಕಿವಿ ಹಚ್ಚಿ ಆಲಿಸಿದಳು. "ಏನೂ ಇಲ್ಲಲ್ರಿ," ಎಂದಳು. ಆದರೂ ಹಿಮಾಯತ್‌ನಗರದ ಕಿವಿ ಡಾಕ್ಟರ ಬಳಿ ಎಳೆದೊಯ್ದಳು. ಡಾಕ್ಟರು ಹಿಂದಿಯಲ್ಲಿ ವಿವರಿಸಿದರು: ನೀರಿನ ಒತ್ತಡಕ್ಕೆ ಒಳಗಿವಿಗೆ ಪೆಟ್ಟು ಬಿದ್ದಿರಬಹುದು, ಡ್ರಿಲ್ಲಿಂಗ್ ಯಂತ್ರಗಳ ಗದ್ದಲದಿಂದಲೂ ಆಗಿರಬಹುದು, ಇಂಥದ್ದೇ ಎನ್ನಲು ಬರುವುದಿಲ್ಲ, ನೀರಿಗೆ ಮಾತ್ರ ಇಳಿಯಕೂಡದು.

ಸೂಗಪ್ಪ ಸಮಾಧಾನದಿಂದ ಅಂಬುಬಾಯಿಗೆ ಹೇಳಿದ. "ವಯಸ್ಸಿಡೀ ಕಲ್ಲು ಒಡದೀಯಲ್ಲ, ನಿಂದೂ ಕಿವಿಯೊಳಗಿನ ಬ್ಯಾನೀನೇ ಇರಬೇಕಬೇ."

"ಕಿವಿಯೊಳಗಿಂದ ಆದ್ರ ನನ್ನ ಹೆಸರು ಹಿಡದು ಹೆಂಗ ಕರೀತೈತಿ?" ಎಂದಳು ಮುದುಕಿ.

ಆ ಮಾತು ಅವನನ್ನು ಕೆಡಿಸಿತು. ಅಲ್ಲಿಯವರೆಗೆ ಅವನಿಗೆ ಕೇಳಿಸುತ್ತಿದ್ದುದು ಬರೀ ಸದ್ದು. ಈಗ ಅದರಲ್ಲಿ ತನ್ನ ಹೆಸರು ಹುಡುಕತೊಡಗಿದ. ಬಸಲಿಂಗಮ್ಮ ಊಟಕ್ಕೆ ಕರೆದರೂ ಬೆಚ್ಚಿ ಗಣಿಯ ಕಡೆ ತಿರುಗುತ್ತಿದ್ದ. ಗಣಿ ಮುಚ್ಚಲು ಮಣ್ಣಿನ ಲಾರಿಗಳು ಬರತೊಡಗಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಕೂಲಿಗಳೆಲ್ಲ ಊಟಕ್ಕೆ ಎದ್ದಾಗ ಶೆಡ್ಡಿನಿಂದ ಸಿಲಿಂಡರ್ ಹೊತ್ತು ಒಬ್ಬನೇ ಇಳಿದ.

ಕೆಳಗೆ ತನ್ನ ಉಸಿರಿನ ಗುಳ್ಳೆಗಳ ಗದ್ದಲದಲ್ಲಿ ಸದ್ದು ಅಡಗಿಹೋಯಿತು. ಎಷ್ಟೋ ದಿನಗಳ ಮೇಲೆ ಸಿಕ್ಕ ನೆಮ್ಮದಿ. ಅಲ್ಲೇ ಇದ್ದುಬಿಡೋಣ ಎನ್ನಿಸಿತು. ಗುಳ್ಳೆ ನಿಂತರೆ ಏನು ಕೇಳೀತೆಂದು ಒಂದು ಗಳಿಗೆ ಉಸಿರು ಬಿಗಿಹಿಡಿದ. ಸದ್ದು ಮರಳಿತು. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಬಂಡೆಗೆ ತಲೆ ಆನಿಸಿದ. ಎಲ್ಲಿ ತಿರುಗಿದರೂ ಅದು ಅಷ್ಟೇ ಹತ್ತಿರ. ಹೊರಗೆಲ್ಲೂ ಏನೂ ಇರಲಿಲ್ಲ. ಅಲ್ಲಿದ್ದವನು ಅವನೊಬ್ಬನೇ. ಯಾರೋ ಇದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ ಎಂದು ಆಮೇಲೆ ಹೆಂಡತಿಗೆ ಹೇಳಿದ.

ದಡದಲ್ಲಿ ಅವನ ಅಂಗಿ ಕಂಡು ಬಸಲಿಂಗಮ್ಮ ಚೀರುತ್ತಿದ್ದಳು. ತೇಲಿ ಬಂದ ಅವನಿಗೆ ಅವಳ ಬಾಯಿ ಆಡುವುದಷ್ಟೇ ಕಂಡಿತು, ದನಿ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗಿವಿ ತೆರೆಯಿತು. ಬಲಗಿವಿ ಹೋಗಿಯೇಬಿಟ್ಟಿತ್ತು, ಆದರೆ ಅದರೊಳಗಿನ ಸದ್ದು ಹೋಗಲಿಲ್ಲ.

ಆ ಗಣಿ ಮುಚ್ಚಿ ಕಟ್ಟಡ ಎದ್ದಿತು, ಮುಂದೊಂದು ಕಾರಂಜಿ ಬಂತು. ಆನಂದಕುಮಾರ ಕಂಪನಿಯವರಿಗೆ ಹೇಳಿ ಸೂಗಪ್ಪನಿಗೆ ಅಲ್ಲೇ ಸೆಕ್ಯುರಿಟಿ ಕೆಲಸ ಕೊಡಿಸಿದ. ಸೂಗಪ್ಪ ಕುರ್ಚಿಯನ್ನು ಕಾರಂಜಿಯ ಪಕ್ಕಕ್ಕೇ ಎಳೆದುಕೊಳ್ಳುತ್ತಾನೆ. ನೀರು ಬೀಳುವಷ್ಟು ಹೊತ್ತು ಕಿವಿಯ ಸದ್ದು ಅಡಗಿ ಅವನಿಗೆ ಹಾಯೆನಿಸುತ್ತದೆ. ಬಸಲಿಂಗಮ್ಮ ಯಾವಾಗಲೂ ಅವನ ಎಡಕ್ಕೇ ನಡೆಯುತ್ತಾಳೆ.

ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿ ಕಾರಂಜಿ ನಿಂತಿತು. ಸೂಗಪ್ಪ ಎದ್ದು ಹೋಗಿ ಕಟ್ಟೆಗೆ ಎರಡೂ ಕೈ ಊರಿ ಕೆಳಗೆ ನೋಡುತ್ತ ನಿಂತ.

"ಏನು ಬಿದ್ದೈತೋ ಅಲ್ಲಿ?" ಎಂದು ಗೇಟಿನಲ್ಲಿದ್ದ ಇನ್ನೊಬ್ಬ ಕಾವಲುಗಾರ ಸಾಬಣ್ಣ ಕೂಗಿದ.

"ಏನಿಲ್ಲ," ಎಂದ ಸೂಗಪ್ಪ. "ಕರೆಂಟ್ ಬರಲಿ."