ನಮ್ಮವ್ವನ ಕೊಡದ ಗಜಲಕ್ಷ್ಮಿ

'ಆ ಕಾಲ ಎಷ್ಟು ಚೆನ್ನಾಗಿತ್ತು' ಎಂದು ಯಾರಾದರೂ ಶುರು ಮಾಡಿದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಹೊನ್ನಾಳಿಯ ಹೊಳೆಯಲ್ಲಿ ಬೇಸಿಗೆಯಲ್ಲೂ ನೀರು ಹರಿಯುತ್ತಿತ್ತು. ಮರಳಿನ ಮೇಲೆ ಗೆರೆ ಎಳೆದು ಕುಂಟಾಬಿಲ್ಲೆ ಆಡುತ್ತಿದ್ದೆವು. ಹುಣಸೆಹಣ್ಣಿಗೆ ಉಪ್ಪು, ಮೆಣಸಿನಕಾಯಿ, ಬೆಲ್ಲ ಹಾಕಿ ಕುಟ್ಟಿ, ಕಡ್ಡಿಗೆ ಮೆತ್ತಿಕೊಂಡು ಚೀಪುತ್ತ ಮನೆಗೆ ಬಂದರೆ ಬಿಸಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಸಿದ್ಧವಾಗಿರುತ್ತಿತ್ತು. ಆದರೆ ಆ ರೊಟ್ಟಿ ಬಡಿದವರು ಯಾರು, ಹೊಳೆಯಿಂದ ಮನೆಗೆ ನೀರು ಹೊತ್ತವರು ಯಾರು ಅಂತ ಈ ಹಳೇ ಕಾಲದ ಭಕ್ತರು ಬಾಯಿ ಬಿಡುವುದಿಲ್ಲ. ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಹೊತ್ತವಳು ನಮ್ಮವ್ವ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳವು. ನನಗೆ ಒಂಬತ್ತು ವರ್ಷವಿರಬೇಕು. ಸೀಮೆಎಣ್ಣೆಗೆ ಪರದಾಟ, ಸಕ್ಕರೆಗೆ ಪರದಾಟ. ಹೊಸ ಹಿತ್ತಾಳೆ ಪಾತ್ರೆಯಂತೂ ಅಂಗಡಿಯಲ್ಲಿ ಕಣ್ಣಿಗೇ ಬೀಳುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿದ್ದ ಹಿತ್ತಾಳೆಗೆ ಎಲ್ಲಿಲ್ಲದ ಬೆಲೆ ಬಂದಿತ್ತು.

ಅವ್ವನ ಹತ್ತಿರ ಒಂದು ಹಿತ್ತಾಳೆ ಕೊಡವಿತ್ತು. ಮದುವೆಯಲ್ಲಿ ತವರುಮನೆಯಾದ ನ್ಯಾಮತಿಯಿಂದ ಬಂದದ್ದು. ಹೊಳೆದಂಡೆಯಲ್ಲಿ ಎಲ್ಲರ ಕೊಡಗಳೂ ಒಂದೇ ಥರ ಕಾಣುತ್ತವೆ, ಅದಲು ಬದಲಾಗಬಾರದೆಂದು ಅದರ ಕುತ್ತಿಗೆಯ ಕೆಳಗೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ 'ನ್ಯಾಮತಿ ಹಾಲಮ್ಮ' ಎಂದು ಬರೆಸಿದ್ದರು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಹೆಬ್ಬೆರಳಿನಿಂದ ಆ ಚುಕ್ಕಿಗಳನ್ನು ಸವರಿ, "ಹಾಂ, ಇದು ನಂದು" ಎಂದು ಎತ್ತಿಕೊಳ್ಳುತ್ತಿದ್ದಳು. ನಾನು ಶಾಲೆಗೆ ಹೋಗಿ ಅಕ್ಷರ ಕಲಿತ ಮೇಲೆ ಸ್ಲೇಟಿನಾಚೆ ಓದಿದ ಮೊದಲ ಮಾತು ಅದೇ. "ಅವ್ವಾ, ಇಲ್ಲಿ ಹಾಲಮ್ಮ ಅಂತ ಐತೆ!" ಎಂದು ಕಿರುಚಿದ್ದೆ. ಅವ್ವ ನಾಚಿಕೊಂಡು ನಕ್ಕಳು. "ಹೌದೇನೇ? ಇನ್ನೊಂದ್ಸಲ ಓದು" ಎಂದಳು. ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಅಪ್ಪನಿಗೆ 'ಲೇ', ಅಜ್ಜಿಗೆ 'ಇವಳೇ'. ಅವಳ ಹೆಸರು ಇದ್ದದ್ದು ಆ ಕೊಡದ ಮೇಲೆ ಮಾತ್ರ.

ಅವ್ವ ಮತ್ತೆ ಬಸುರಿಯಾದಳು. ಕಾಲು ಬಾತಿದ್ದವು. ಹೊಳೆಯ ಮೆಟ್ಟಿಲು ಹತ್ತುವಾಗ ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಎದುರುಮನೆಯವರು ತಡೆಯಲಾರದೆ, "ಇನ್ನಾದ್ರೂ ಬಿಡ್ರೀ, ತುಂಬಿದ ಬಸುರಿ" ಎಂದರೆ ಅಜ್ಜಿ, ಅಪ್ಪನನ್ನು ಹೆತ್ತ ಮಹಾತಾಯಿ, "ನಾವೇನು ಹೊತ್ತಿಲ್ವಾ? ಓಡಾಡಿದ್ರೆ ಹೆರಿಗೆ ಸಲೀಸಾಗ್ತೈತೆ" ಎಂದಳು. ಅಪ್ಪ ಎಲೆಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಎರಡು ಎತ್ತು, ಒಂದು ಗಾಡಿ, ಒಬ್ಬ ಆಳು ಇದ್ದ ಮನೆ ಅದು. ಒಂದು ಹಂಡೆ ನೀರು ಗಾಡಿಯಲ್ಲಿ ತರಿಸಬೇಕೆಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ.

ಅವ್ವ ತುಂಬಿದ ಕೊಡದೊಂದಿಗೆ ಮೆಟ್ಟಿಲ ಮೇಲೆ ಬಿದ್ದಳು. ವಾರ ತುಂಬುವುದರೊಳಗೆ ಮಗುವೂ ಇಲ್ಲ, ಅವಳೂ ಇಲ್ಲ. ಕೊಡ ಮಾತ್ರ ಒಂದು ಕಡೆ ನೆಗ್ಗಿಕೊಂಡು ಮನೆಯಲ್ಲಿ ಉಳಿಯಿತು.

ಅಪ್ಪನಿಗೆ ಬೇಗನೆ ಮತ್ತೊಂದು ಹೆಣ್ಣು ಗೊತ್ತಾಯಿತು. ಜಗಳೂರು ಕಡೆಯ ಹುಡುಗಿ. ಅಜ್ಜಿಗೆ ಅವ್ವ ಸತ್ತದ್ದಕ್ಕಿಂತ ಕೊಡದ ಚಿಂತೆ ದೊಡ್ಡದಾಯಿತು. "ಸತ್ತೋಳ ಕೊಡ ಹೊಸ ಸೊಸಿ ಕೈಗೆ ಕೊಡಬಾರದು, ಅವಳ ನೆಳ್ಳು ಬೀಳ್ತೈತೆ. ಮಾರಾಕೂ ಬ್ಯಾಡ, ಈ ಕಾಲದಾಗೆ ಹಿತ್ತಾಳಿ ಮತ್ತೆ ಸಿಗಾಕಿಲ್ಲ. ಕರಗಿಸಿ ಗಜಲಕ್ಷ್ಮಿ ಮಾಡಿಸಿಬಿಡಾನ. ದೇವ್ರಾದ ಮ್ಯಾಲೆ ಎಂಥಾ ದೋಷ?" ಎಂದಳು. ಅಪ್ಪ ತಲೆಯಾಡಿಸಿದ. ಅವನಿಗೆ ಬರುತ್ತಿದ್ದದ್ದು ಅದೊಂದೇ.

ಬಸವಾಪಟ್ಟಣದಿಂದ ರುದ್ರಾಚಾರಿ ಎಂಬ ಕಂಚುಗಾರ ಬಂದ. ಮನೆದೇವರನ್ನು ಮನೆಯ ಹಿತ್ತಲಲ್ಲೇ ಎರಕ ಹೊಯ್ಯಿಸುವುದು ಆಗಿನ ರೂಢಿ. ಹೊರಗೆ ಕೊಟ್ಟರೆ ಲೋಹ ಬದಲಾಯಿಸುತ್ತಾರೆಂಬ ಗುಮಾನಿ. "ನಮ್ಮ ಕಣ್ಣೆದುರಿಗೇ ಕರಗ್ಬೇಕು" ಎಂದು ಅಜ್ಜಿ ಹಿತ್ತಲ ಬಾಗಿಲಲ್ಲೇ ಮಣೆ ಹಾಕಿಕೊಂಡಳು. ಆಚಾರಿ ಜೇನುಮೇಣಕ್ಕೆ ರಾಳ ಬೆರೆಸಿ ಕಾಯಿಸಿದಾಗ ಹಿತ್ತಲಿಗೆಲ್ಲ ಸಿಹಿ ವಾಸನೆ ಹಬ್ಬಿತು. ಬಿಸಿ ಮೇಣವನ್ನು ಬೆರಳಲ್ಲೇ ಹಿಸುಕಿ ಹಿಸುಕಿ ಕೂತ ಲಕ್ಷ್ಮಿಯನ್ನೂ ಅಕ್ಕಪಕ್ಕ ಸೊಂಡಿಲೆತ್ತಿದ ಎರಡು ಆನೆಗಳನ್ನೂ ಮಾಡಿದ. ಸುಳ್ಳು ಯಾಕೆ ಹೇಳಲಿ, ಚೆಂದವಿತ್ತು. ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕೇಳಿದೆ.

"ಆನೆ ಯಾಕಜ್ಜ?"

"ಅವು ಮೋಡ ಇದ್ದಂಗೆ ಕಣವ್ವ. ತಾಯಿ ತಲಿ ಮ್ಯಾಲೆ ನೀರು ಹೊಯ್ತಾವೆ. ಮನೇಲಿ ನೀರು, ಕಾಳು, ಎಲ್ಲಾ ತುಂಬಿರ್ಲಿ ಅಂತ."

"ಆ ಎತ್ತಿದ ಕೈ?"

"ಹೆದರಬ್ಯಾಡ ನಾನಿದೀನಿ ಅಂತ."

"ಕಮಲದ ಮ್ಯಾಲೆ ಯಾಕೆ ಕೂತಾಳೆ?"

ಇದಕ್ಕೆ ಅಜ್ಜಿಯೇ ಬಾಗಿಲಿಂದ ಉತ್ತರ ಕೊಟ್ಟಳು. "ಲಕ್ಷ್ಮಿ ಅಂದ್ರೆ ಮನಿ ಸೊಸಿನೇ ಕಣೇ. ಅದಕ್ಕೇ ಮ್ಯಾಲೆ ಕೂರಿಸೋದು. ನಿಮ್ಮವ್ವನೂ ಇನ್ನು ದೇವ್ರ ಜಗಲಿ ಮ್ಯಾಲೆ ಲಕ್ಷ್ಮಿ ಆಗಿ ಕೂರ್ತಾಳೆ. ಅಳಬಾರ್ದು."

ನಾನು ಅಳುತ್ತಿರಲಿಲ್ಲ. "ಬದುಕಿದ್ದಾಗ ಯಾಕೆ ಕೂರಿಸ್ಲಿಲ್ಲ?" ಎಂದು ಕೇಳಿದೆ. "ಅವಳು ಉಣ್ಣಾಕೂ ಕೂರ್ತಿರ್ಲಿಲ್ಲ. ಒಲಿ ಮುಂದೆ ನಿಂತ್ಕಂಡೇ ಉಣ್ತಿದ್ಲು."

ಅಜ್ಜಿ ಎದ್ದು ಬಂದು ನನ್ನ ತೊಡೆಯನ್ನು ತಿರುಚಿ ಚಿವುಟಿದಳು. "ನೋಡ್ರೀ ಇದರ ಬಾಯಿ! ಮೂಳಿ, ಥೇಟ್ ಅವ್ವನ ಕೊಬ್ಬೇ ಬಂದೈತೆ" ಎಂದಳು. ಅವ್ವನಿಗೆ ಕೊಬ್ಬಂತೆ! ಬದುಕಿದ್ದಾಗ ಗಂಜಿ ಹಾಕದವರು ಸತ್ತ ಮೇಲೆ ಹೋಳಿಗೆ ಎಡೆ ಇಟ್ಟರು ಅಂತ ಹೇಳುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡವಳು.

ಎರಕದ ದಿನ ಬಂತು. ಮೇಣದ ಗೊಂಬೆಯ ಮೇಲೆ ಮಣ್ಣು ಮೆತ್ತಿ ಒಣಗಿಸಿ, ಕಾಯಿಸಿ ಒಳಗಿನ ಮೇಣ ಇಳಿಸಿಯಾಗಿತ್ತು. ಹಿತ್ತಾಳೆ ಕರಗಿಸುವ ಮೂಸೆ ಕೆಂಡದ ಮೇಲೆ ಕಾಯುತ್ತಿತ್ತು. ಕೊಡವನ್ನು ಚೂರು ಮಾಡಬೇಕು. ನಾನು ಅದನ್ನು ಎರಡೂ ತೋಳಲ್ಲಿ ತಬ್ಬಿಕೊಂಡು ಬಾವಿಕಟ್ಟೆಗೆ ಒರಗಿ ಕೂತೆ. ಆ ಬಾವಿಯ ನೀರು ಸವುಳು, ಕುಡಿಯಲು ಬಾರದು, ಇಲ್ಲದಿದ್ದರೆ ಅವ್ವ ಹೊಳೆಗೆ ಯಾಕೆ ಹೋಗುತ್ತಿದ್ದಳು. ಅಪ್ಪ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೊಡ ಕಿತ್ತುಕೊಂಡ. ಆಚಾರಿ ಸುತ್ತಿಗೆ ಎತ್ತಿದ. ಆ ಸದ್ದಿಗೆ ಬೇಲಿಯಾಚೆ ಜನ ಇಣುಕಿದರು.

ಹೆಸರಿದ್ದ ತುಂಡು ಬೇರೆಯಾಗಿ ಬಿತ್ತು. ನನ್ನ ಅಂಗೈಯಷ್ಟಿತ್ತು. ನಾನು ಅದರ ಮೇಲೆ ಬಿದ್ದೆ.

"ಇದೊಂದು ಕೊಡ್ರಿ ಅಜ್ಜ. ಇದ್ರಾಗೆ ಅವ್ವನ ಹೆಸರೈತೆ."

ಆಚಾರಿ ಅಪ್ಪನ ಮುಖ ನೋಡಿದ. "ಇಷ್ಟು ಬಿಟ್ರೆ ಏನೂ ಕಮ್ಮಿ ಆಗಾಕಿಲ್ಲ ಬಿಡ್ರಿ ಗೌಡ್ರೆ. ಮಗು ಇಟ್ಕೊಳ್ಳಿ" ಎಂದ.

"ಬ್ಯಾಡ" ಎಂದಳು ಅಜ್ಜಿ. "ಅವಳ ಹೆಸರೇ ಉಳೀಬಾರ್ದು. ಅದಕ್ಕೇ ಅಲ್ವಾ ಇಷ್ಟೆಲ್ಲಾ ಮಾಡ್ತಿರೋದು?"

ಅಪ್ಪ ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ. ಬಾಯಲ್ಲಿದ್ದ ಎಲೆಅಡಿಕೆಯನ್ನು ಬೇಲಿ ಬುಡಕ್ಕೆ ಉಗಿದ. "ಹಾಕ್ರಿ ಅದನ್ನೂ" ಎಂದ. ಹತ್ತು ವರ್ಷ ಅವನ ಮನೆಗೆ ನೀರು ಹೊತ್ತವಳಿಗೆ ಅವನಿಂದ ಸಂದದ್ದು ಇಷ್ಟೇ ಮಾತು. ನನ್ನ ಕೈಯಿಂದ ಕಿತ್ತ ತುಂಡು ಮೂಸೆಗೆ ಹೋಯಿತು. ನಾನು ಕಲ್ಲು ಎತ್ತಿ ಅಪ್ಪನ ಕಡೆ ಬೀಸಿದೆ, ತಾಗಲಿಲ್ಲ. ತಾಗಬೇಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಹೊಸ ಸೊಸೆ ಮನೆ ತುಂಬುವ ದಿನ ಲಕ್ಷ್ಮಿಯನ್ನು ದೇವರ ಜಗಲಿ ಮೇಲೆ ಕೂರಿಸಿದರು. ಹುಣಸೆಹುಳಿಯಲ್ಲಿ ಉಜ್ಜಿದ್ದಕ್ಕೆ ಝಗಝಗ ಹೊಳೆಯುತ್ತಿತ್ತು. ಬಂದವರೆಲ್ಲ "ಏನು ಕಳೆ ಐತ್ರೀ ಮುಖದಾಗೆ" ಎಂದು ಕೈ ಮುಗಿದರು. ಅವ್ವ ಬದುಕಿದ್ದಾಗ ಒಂದು ಲೋಟ ಹಾಲು ಕಾಣದ ಮನೆಯಲ್ಲಿ ಚೊಂಬುಗಟ್ಟಲೆ ಹಾಲಿನ ಅಭಿಷೇಕವಾಯಿತು. ನಾನು ಜನರ ಸಂದಿಯಲ್ಲಿ ನುಗ್ಗಿ ಹತ್ತಿರ ಹೋದೆ. ಪೀಠದ ಮೇಲೆ ಅದೇ ಚುಕ್ಕಿ ಅಕ್ಷರಗಳು. ಆಚಾರಿ ಗುಟ್ಟಾಗಿ ಅವ್ವನ ಹೆಸರು ಬರೆದುಬಿಟ್ಟನೇನೋ ಅಂದುಕೊಂಡೆ. ಬಗ್ಗಿ ಓದಿದೆ. 'ಹೊನ್ನಾಳಿ ಚನ್ನಬಸಪ್ಪನವರು ಭಕ್ತಿಯಿಂದ ಮಾಡಿಸಿದ್ದು.' ಅಪ್ಪನ ಹೆಸರು!

"ಸುಳ್ಳು!" ಎಂದು ಅರಚಿದೆ. "ಇದು ನಮ್ಮವ್ವನ ಕೊಡ! ಹಾಲಮ್ಮಂದು! ನ್ಯಾಮತಿ ಹಾಲಮ್ಮಂದು!"

ಅಪ್ಪ ಎದ್ದು ಬಂದು ಕೆನ್ನೆಗೆ ಬಾರಿಸಿದ, ಕಿವಿಯಲ್ಲಿ ಗುಂಯ್ ಎಂದಿತು. ನೆರೆದಿದ್ದ ಹೆಂಗಸರಲ್ಲಿ ಹಾಲಮ್ಮನ ಜೊತೆ ಹೊಳೆಗೆ ಹೋಗುತ್ತಿದ್ದವರೇ ಹೆಚ್ಚಿದ್ದರು. ಒಬ್ಬರೂ ಹೌದು ಎನ್ನಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡಿದರು. ಅಪ್ಪನ ಪಕ್ಕ ಬಾಸಿಂಗ ಕಟ್ಟಿಕೊಂಡು ಕೂತಿದ್ದ ಹುಡುಗಿ, ನನಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು, ಗೋಡೆಯ ಕಡೆ ಸರಿದುಕೊಂಡಳು.

ಮರುದಿನ ಬೆಳಗ್ಗೆ ಆ ಹುಡುಗಿಯ ಸೊಂಟಕ್ಕೆ ಅಜ್ಜಿ ಒಂದು ಮಣ್ಣಿನ ಕೊಡ ಏರಿಸಿ ಹೊಳೆಗೆ ಕಳಿಸಿದಳು. ಮುಂದೆ ಅವಳೂ ಬಸುರಿಯಾದಳು, ಆಗಲೂ ಹೊತ್ತಳು. ಜಗಲಿ ಮೇಲಿನ ಆನೆಗಳು ಸೊಂಡಿಲೆತ್ತಿಕೊಂಡೇ ನಿಂತಿದ್ದವು, ಒಂದು ದಿನವೂ ಕೆಳಗಿಳಿದು ಬರಲಿಲ್ಲ. ಚಿಕ್ಕವ್ವ ಗಟ್ಟಿಗಿತ್ತಿ, ಬದುಕಿಕೊಂಡಳು. ಅವಳ ಮೇಲೆ ನನಗೆ ಎಂದೂ ಸಿಟ್ಟು ಬರಲಿಲ್ಲ, ಅವಳು ಏನು ಮಾಡಿಯಾಳು ಪಾಪ.

ಆ ಲಕ್ಷ್ಮಿಗೆ ನಾನು ಇವತ್ತಿನವರೆಗೂ ಕೈ ಮುಗಿದಿಲ್ಲ. ದೇವರ ಮೇಲೆ ನನಗೇನೂ ಮುನಿಸಿಲ್ಲ. ನೀರು, ಅಭಯ, ಕಮಲದ ಗದ್ದಿಗೆ, ಒಂದು ಹೆಣ್ಣಿಗೆ ಏನೇನು ಸಲ್ಲಬೇಕು ಎಂಬುದೆಲ್ಲ ನಮ್ಮ ಮನೆಯವರಿಗೆ ಚೆನ್ನಾಗಿಯೇ ಗೊತ್ತಿತ್ತಲ್ಲ! ಗೊತ್ತಿದ್ದೂ ಅದನ್ನೆಲ್ಲ ಹಿತ್ತಾಳೆಗೆ ಕೊಟ್ಟರಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಈಗ ಅದು ಚಿಕ್ಕವ್ವನ ಮಗ, ನನ್ನ ತಮ್ಮನ ಮನೆಯಲ್ಲಿದೆ. ಒಳ್ಳೆಯವನು, ಅಕ್ಕ ಅಕ್ಕ ಎಂದು ಜೀವ ಬಿಡುತ್ತಾನೆ. ಕಳೆದ ದೀಪಾವಳಿಗೆ ಹೋಗಿದ್ದೆ. ಊಟವಾದ ಮೇಲೆ ಎಲ್ಲರೂ ಕೂತು ಹಳೆಯದನ್ನು ನೆನೆಯತೊಡಗಿದರು. ಹಿತ್ತಾಳೆ ಕೊಡ ಹೋಯಿತು, ಮರಳು ಹೋಯಿತು, ಹೊಳೆಯ ನೀರಿನ ರುಚಿ ಹೋಯಿತು ಎಂದು ಒಬ್ಬೊಬ್ಬರದೂ ಒಂದೊಂದು ಗೋಳು. ನನಗೆ ತಡೆಯಲಾಗಲಿಲ್ಲ.

"ಹಾಲಮ್ಮ ಹೋದ್ಲು. ಅದನ್ನ ಯಾರೂ ಹೇಳಾಕಿಲ್ವಲ್ರೋ!" ಎಂದೆ.

ಅರವತ್ತು ದಾಟಿದ ನನ್ನ ತಮ್ಮ ಹತ್ತಿರ ಬಂದು ಕೂತು, ಮೆಲ್ಲಗೆ ಕೇಳಿದ.

"ಹಾಲಮ್ಮ ಅಂದ್ರೆ ಯಾರಕ್ಕ?"